ಲಾ ಮದ್ದಲೇನಾ: ಸಾರ್ಡಿನಿಯಾದ ನಿರ್ಜನ ದ್ವೀಪತೀರಗಳಿಗೆ ದೋಣಿಯಲ್ಲಿ ಹೋಗುವವರಿಗೆ

ಇಟಲಿಗೆ ಸೇರಿದ ಸಾರ್ಡಿನಿಯಾದ ಈಶಾನ್ಯ ತುದಿಗೂ ಫ್ರಾನ್ಸಿಗೆ ಸೇರಿದ ಕಾರ್ಸಿಕಾಕ್ಕೂ ನಡುವೆ, ಬೊನಿಫಾಚೊ ಜಲಸಂಧಿಯ ಪೂರ್ವದ ಬಾಗಿಲಲ್ಲಿ, ಲಾ ಮದ್ದಲೇನಾ ದ್ವೀಪಸಮೂಹವಿದೆ. ಇದರಲ್ಲಿ ಮುಖ್ಯವಾದವು ಏಳು ದ್ವೀಪಗಳು: ಲಾ ಮದ್ದಲೇನಾ, ಕಪ್ರೇರಾ, ಸಾಂತೊ ಸ್ತೆಫಾನೊ, ಸ್ಪಾರ್ಜಿ, ಬುದೆಲ್ಲಿ, ರತ್ಸೋಲಿ ಮತ್ತು ಸಾಂತಾ ಮರಿಯಾ. ಊರಿರುವುದು ಲಾ ಮದ್ದಲೇನಾದಲ್ಲಿ. ಅಲ್ಲಿಂದ ಕಪ್ರೇರಾಕ್ಕೆ ಸಮುದ್ರದ ಮೇಲೆ ಕಟ್ಟಿದ ರಸ್ತೆಯಿದೆ. ಉಳಿದವುಗಳ ತೀರವನ್ನು ಮುಟ್ಟಬೇಕಾದರೆ ದೋಣಿಯೇ ಬೇಕು. ಗಾಳಿಯೂ ಅಲೆಯೂ ಕೊರೆದ ಗುಲಾಬಿ ಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಚಿಕ್ಕ ಚಿಕ್ಕ ಬಿಳಿ ಮರಳಿನ ಕೊಲ್ಲಿಗಳು, ಅವುಗಳ ಮುಂದೆ ತಳದ ಕಲ್ಲನ್ನು ಎಣಿಸಬಹುದಾದಷ್ಟು ತಿಳಿಯಾದ ನೀರು: ಈ ದ್ವೀಪಗಳಿಗೆ ಜನ ಬರುವುದು ಇದಕ್ಕಾಗಿ. 1994ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆದ್ದರಿಂದ ಎಲ್ಲಿಗೆ ಹೋಗಬಹುದು, ಎಲ್ಲಿ ಇಳಿಯಬಾರದು, ಎಲ್ಲಿ ಲಂಗರು ಹಾಕಬಾರದು ಎಂಬುದಕ್ಕೆಲ್ಲ ಕಟ್ಟುನಿಟ್ಟಾದ ನಿಯಮಗಳಿವೆ.

ತಲುಪುವ ದಾರಿ ಸುಲಭವಾದುದು. ರೋಮ್ ಅಥವಾ ಮಿಲಾನ್‌ನಿಂದ ಓಲ್ಬಿಯಾಕ್ಕೆ ವಿಮಾನವಿದೆ. ಚಿವಿತವೆಕ್ಕಿಯಾ ಮತ್ತು ಲಿವೋರ್ನೊ ಬಂದರುಗಳಿಂದ ರಾತ್ರಿಯ ಹಡಗುಗಳೂ ಇವೆ. ಓಲ್ಬಿಯಾದಿಂದ ಸುಮಾರು 40 ಕಿಲೋಮೀಟರ್ ದೂರದ ಪಾಲಾವ್ ಎಂಬ ಬಂದರಿಗೆ ಬಸ್ ಸಿಗುತ್ತದೆ, ಪಾಲಾವ್‌ನಿಂದ ಲಾ ಮದ್ದಲೇನಾಕ್ಕೆ ವಾಹನಗಳನ್ನೂ ಒಯ್ಯುವ ಫೆರಿ ಸುಮಾರು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ದಾಟಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನೆಲೆಸಿರುವ ಕನ್ನಡಿಗರು ಬ್ರಿಟನ್ನಿನ ವಾಸದ ಪರವಾನಗಿ ಇದ್ದರೂ ಈ ವೀಸಾವನ್ನು ಬೇರೆಯಾಗಿಯೇ ಪಡೆಯಬೇಕೆಂಬುದನ್ನು ಟಿಕೆಟ್ ಕೊಳ್ಳುವ ಮೊದಲು ನೆನಪಿಡುವುದು ಒಳ್ಳೆಯದು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರಿಗೆ ದೋಣಿಯ ಪ್ರಯಾಣದ ಒಂದು ಅಂದಾಜು ಇರುತ್ತದೆ, ಆದರೆ ಆ ಅಂದಾಜು ಇಲ್ಲಿ ಅರ್ಧದಷ್ಟೇ ಉಪಯೋಗಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರವಿಳಿತದ ಲೆಕ್ಕ ಮುಖ್ಯ. ಮಳೆಗಾಲ ಬಂದರೆ ತಿಂಗಳುಗಟ್ಟಲೆ ದೋಣಿ ನಿಲ್ಲುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಾದರೋ ಉಬ್ಬರವಿಳಿತ ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು, ನೀರಿನ ಮಟ್ಟ ಒಂದೆರಡು ಗೇಣಷ್ಟೇ ಏರಿಳಿಯುತ್ತದೆ. ಅಲ್ಲಿ ದಿನವನ್ನು ನಿರ್ಧರಿಸುವುದು ಗಾಳಿ. ಬೇಸಿಗೆಯ ನಡುವೆ, ಮೋಡವೊಂದೂ ಇಲ್ಲದ ಆಕಾಶದ ಕೆಳಗೆ, ವಾಯವ್ಯದಿಂದ ಮಯೆಸ್ತ್ರಾಲೆ ಎಂಬ ಗಾಳಿ ಏಳುತ್ತದೆ; ಕಾರ್ಸಿಕಾ ಮತ್ತು ಸಾರ್ಡಿನಿಯಾದ ಬೆಟ್ಟಗಳ ನಡುವಿನ ಇಕ್ಕಟ್ಟಾದ ಜಲಸಂಧಿಯೊಳಗೆ ನುಗ್ಗುವಾಗ ಅದರ ವೇಗ ಹೆಚ್ಚುತ್ತದೆ, ದ್ವೀಪಗಳ ಸಂದುಗಳಲ್ಲಿ ಇನ್ನೂ ಹೆಚ್ಚುತ್ತದೆ. 1855ರ ಫೆಬ್ರವರಿಯಲ್ಲಿ ಫ್ರೆಂಚ್ ನೌಕಾಪಡೆಯ ಸೆಮಿಯಾಂತ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಈ ಜಲಸಂಧಿಯ ಲಾವೆಜ್ಜಿ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ, ಅದರಲ್ಲಿದ್ದ ಸುಮಾರು 700 ಮಂದಿಯೂ ಸತ್ತರು. ಅದು ಚಳಿಗಾಲದ ಚಂಡಮಾರುತ, ನಿಜ. ಆದರೂ ಈ ನೀರಿನ ಸ್ವಭಾವವನ್ನು ಲಘುವಾಗಿ ಎಣಿಸಬಾರದೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದು: ಚಿತ್ರದಲ್ಲಿ ನೋಡಿದ ಕೊಲ್ಲಿಯ ಹೆಸರನ್ನು ಹಿಡಿದು ಹಟದಿಂದ ಹೊರಡಬೇಡಿ, ಆ ದಿನದ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂದು ತಿಳಿದುಕೊಂಡು, ಅದಕ್ಕೆ ಬೆನ್ನು ಮಾಡಿರುವ ಕೊಲ್ಲಿಯನ್ನು ಆರಿಸಿಕೊಳ್ಳಿ. ಮಯೆಸ್ತ್ರಾಲೆ ಬೀಸುವ ದಿನ ಸ್ಪಾರ್ಜಿಯ ದಕ್ಷಿಣದಲ್ಲಿರುವ ಕಾಲಾ ಕೊರ್ಸಾರಾ ಎಂಬ ಕೊಲ್ಲಿ ಆ ದ್ವೀಪದ ಮರೆಯಲ್ಲಿರುತ್ತದೆ. ಕಪ್ರೇರಾದ ಪೂರ್ವ ತೀರವೂ ಹಾಗೆಯೇ. ಆಗ್ನೇಯದಿಂದ ಶಿರೊಕ್ಕೊ ಅಥವಾ ನೈರುತ್ಯದಿಂದ ಲಿಬೆಚ್ಚೊ ಬೀಸಿದರೆ ಇದೇ ಕಾಲಾ ಕೊರ್ಸಾರಾ ಅಲೆಗೆ ಎದೆಯೊಡ್ಡಿ ನಿಂತಿರುತ್ತದೆ, ಆ ದಿನ ಅಲ್ಲಿ ಲಂಗರು ಹಾಕುವುದು ಸಲ್ಲದು. ಬುದೆಲ್ಲಿ, ರತ್ಸೋಲಿ ಮತ್ತು ಸಾಂತಾ ಮರಿಯಾ ದ್ವೀಪಗಳು ಸುತ್ತುವರಿದ ಪೊರ್ತೊ ಮದೊನ್ನಾ ಎಂಬ ಆಳವಿಲ್ಲದ ಹಸಿರುನೀಲಿ ಮಡು ನೋಡುವುದಕ್ಕೆ ಕೆರೆಯಂತೆ ಶಾಂತವಾಗಿದ್ದರೂ, ಅಲ್ಲಿಗೆ ಹೋಗುವ ದಾರಿಯಲ್ಲಿ ಸ್ಪಾರ್ಜಿಗೂ ಬುದೆಲ್ಲಿಗೂ ನಡುವಿನ ತೆರೆದ ನೀರನ್ನು ದಾಟಬೇಕಾಗುತ್ತದೆ. ಪಶ್ಚಿಮದ ಅಲೆ ಅಲ್ಲಿ ಯಾವ ತಡೆಯೂ ಇಲ್ಲದೆ ದೋಣಿಯ ಪಕ್ಕಕ್ಕೆ ಬಡಿಯುತ್ತದೆ. ಮರೆಯಾದ ಕೊಲ್ಲಿಯನ್ನು ಮಾತ್ರ ನೋಡಿ ದಾರಿಯನ್ನು ಮರೆಯುವವರೇ ಹೆಚ್ಚು.

ಹಿಂದಿನ ಸಂಜೆ ಮತ್ತು ಬೆಳಿಗ್ಗೆ, ಎರಡು ಸಲವೂ ಮುನ್ಸೂಚನೆಯನ್ನು ನೋಡಬೇಕು. ವಿಎಚ್‌ಎಫ್ ರೇಡಿಯೊ ಇರುವ ದೋಣಿಯಾದರೆ 68ನೇ ಚಾನೆಲ್‌ನಲ್ಲಿ ಇಟಲಿಯ ಸಾಗರ ಹವಾಮಾನ ವಾರ್ತೆ ಸತತವಾಗಿ ಪ್ರಸಾರವಾಗುತ್ತಿರುತ್ತದೆ. ಬಾಡಿಗೆಯ ಚಿಕ್ಕ ದೋಣಿಯನ್ನು ಸ್ವತಃ ನಡೆಸುವವರು, ಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ಮೀರುವ ಸೂಚನೆಯಿದ್ದರೆ, ಹೊರಡದಿರುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ದಂಡೆಯಿಂದ ನೋಡಿದಾಗ ಅಲೆಗಳ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣಿಸುತ್ತಿದ್ದರೆ ಗಾಳಿ ಆಗಲೇ 10 ನಾಟ್‌ನ ಆಸುಪಾಸಿನಲ್ಲಿದೆಯೆಂದು ತಿಳಿಯಬಹುದು, ಮಧ್ಯಾಹ್ನದ ಹೊತ್ತಿಗೆ ಅದು ಇನ್ನಷ್ಟು ಬಲಗೊಳ್ಳುವುದು ಬೇಸಿಗೆಯಲ್ಲಿ ಸಾಮಾನ್ಯ.

ದೋಣಿಯ ಆಯ್ಕೆಯಲ್ಲಿ ಮೂರು ದಾರಿಗಳಿವೆ. ಪಾಲಾವ್ ಮತ್ತು ಲಾ ಮದ್ದಲೇನಾದಿಂದ ದೊಡ್ಡ ಪ್ರವಾಸಿ ದೋಣಿಗಳು ಬೆಳಿಗ್ಗೆ ಹೊರಟು ಎರಡು ಮೂರು ಕಡೆ ನಿಲ್ಲಿಸಿ ಸಂಜೆ ಹಿಂತಿರುಗುತ್ತವೆ. ಖರ್ಚು ಕಡಿಮೆ, ಆದರೆ ನೂರಾರು ಜನ ಒಟ್ಟಿಗೆ ಒಂದೇ ಮರಳಿನ ಮೇಲೆ ಇಳಿಯುವಾಗ ಏಕಾಂತದ ಮಾತು ಉಳಿಯುವುದಿಲ್ಲ. ಎರಡನೆಯದು, ಹತ್ತು ಹನ್ನೆರಡು ಮಂದಿಯ ಹಾಯಿದೋಣಿ ಅಥವಾ ಗೊಮ್ಮೋನೆಯನ್ನು, ಅಂದರೆ ಗಾಳಿ ತುಂಬಿದ ರಬ್ಬರ್ ಅಂಚಿನ ಮೋಟಾರು ದೋಣಿಯನ್ನು, ಅದರ ಚಾಲಕನೊಂದಿಗೆ ಗೊತ್ತುಮಾಡಿಕೊಳ್ಳುವುದು. ಸಮುದ್ರದ ಅನುಭವವಿಲ್ಲದವರಿಗೆ, ಮಕ್ಕಳು ಮತ್ತು ವಯಸ್ಸಾದ ತಂದೆತಾಯಿಗಳೊಂದಿಗೆ ಬಂದವರಿಗೆ, ನಾನು ಸೂಚಿಸುವುದು ಇದನ್ನೇ. ಆ ಚಾಲಕರು ಈ ದ್ವೀಪಗಳ ನಡುವೆಯೇ ಬೆಳೆದವರು, ಯಾವ ಗಂಟೆಗೆ ಯಾವ ಕೊಲ್ಲಿ ಖಾಲಿಯಿರುತ್ತದೆಂಬುದು ಅವರಿಗೆ ತಿಳಿದಿರುತ್ತದೆ, ಮತ್ತು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಮೂರನೆಯದು ದೋಣಿಯನ್ನು ಬಾಡಿಗೆಗೆ ಪಡೆದು ಸ್ವತಃ ನಡೆಸುವುದು. ಇಟಲಿಯಲ್ಲಿ 30 ಕಿಲೋವ್ಯಾಟ್ ಅಥವಾ 40.8 ಅಶ್ವಶಕ್ತಿಯವರೆಗಿನ ಚಿಕ್ಕ ಎಂಜಿನ್ನಿನ ದೋಣಿಯನ್ನು, ದಡದಿಂದ 6 ನಾಟಿಕಲ್ ಮೈಲಿಯೊಳಗೆ (ಸುಮಾರು 11 ಕಿಲೋಮೀಟರ್), ಪ್ರಾಪ್ತವಯಸ್ಕರು ಪರವಾನಗಿಯಿಲ್ಲದೆ ನಡೆಸಬಹುದು. ಕಾನೂನು ಅವಕಾಶ ಕೊಡುತ್ತದೆಂಬ ಒಂದೇ ಕಾರಣಕ್ಕೆ ಅದು ಎಲ್ಲರಿಗೂ ಹೊಂದುವ ಕೆಲಸವಾಗುವುದಿಲ್ಲ. ಹಿಂದೆ ದೋಣಿ ನಡೆಸಿ ಗೊತ್ತಿರುವವರು ಮಾತ್ರ, ಶಾಂತವಾದ ದಿನದಲ್ಲಿ ಮಾತ್ರ, ಇದನ್ನು ಕೈಗೊಳ್ಳಬೇಕು. ಬಾಡಿಗೆ ಕೊಡುವವರ ಬಳಿ ಕೆಲವು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳಿ: ರಾಷ್ಟ್ರೀಯ ಉದ್ಯಾನದ ನೀರಿನೊಳಗೆ ಹೋಗಲು ದೋಣಿಗೆ ಬೇಕಾದ ಅನುಮತಿಚೀಟಿ ಬಾಡಿಗೆಯಲ್ಲಿ ಸೇರಿದೆಯೇ, ಇಂಧನದ ಹಣ ಬೇರೆಯೇ, ಠೇವಣಿ ಎಷ್ಟು, ಪ್ರೊಪೆಲರ್ ಬಂಡೆಗೆ ತಗುಲಿದರೆ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ. ಅವರು ಕೊಡುವ ನಕ್ಷೆಯ ಮೇಲೆ ಹೋಗಬಾರದ ಜಾಗಗಳನ್ನು ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಈ ದ್ವೀಪಗಳ ಸುತ್ತ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಅಡಗಿರುವ ಗ್ರಾನೈಟ್ ಬಂಡೆಗಳು ಬಹಳ. ಹಳದಿ ಮತ್ತು ಕಪ್ಪು ಬಣ್ಣದ ತೇಲುಗುರುತುಗಳು ಅಪಾಯದ ಜಾಗವನ್ನೂ ಅದರ ಯಾವ ಬದಿಯಿಂದ ಸಾಗಬೇಕೆಂಬುದನ್ನೂ ಸೂಚಿಸುತ್ತವೆ. ಸಾಂತೊ ಸ್ತೆಫಾನೊದ ಒಂದು ಭಾಗ ಸೇನೆಯ ವಶದಲ್ಲಿರುವುದರಿಂದ ಅಲ್ಲಿಗೆ ಹೋಗುವಂತಿಲ್ಲ. ಇಂಧನದ ವಿಷಯದಲ್ಲಿ ನಾವಿಕರ ಹಳೆಯ ಲೆಕ್ಕವನ್ನೇ ಪಾಲಿಸಿ: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದದ್ದು ಮುಟ್ಟದೆ ಇಡುವುದಕ್ಕೆ.

ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಮಕ್ಕಳ ಅಳತೆಯವು ಇವೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಇಟಲಿಯ ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1530. ರೇಡಿಯೊದಲ್ಲಿ 16ನೇ ಚಾನೆಲ್. ದಡದಲ್ಲಿರುವ ಯಾರಿಗಾದರೂ ನಿಮ್ಮ ದಾರಿಯನ್ನೂ ಹಿಂತಿರುಗುವ ಹೊತ್ತನ್ನೂ ತಿಳಿಸಿ ಹೊರಡಿ. ಈ ದ್ವೀಪಗಳ ತೀರಗಳಲ್ಲಿ ಅಂಗಡಿ, ಕುಡಿಯುವ ನೀರು, ಶೌಚಾಲಯಗಳನ್ನು ನಿರೀಕ್ಷಿಸಬಾರದು, ನೆರಳೂ ಅಪರೂಪ. ತಲೆಗೆ ಎರಡು ಮೂರು ಲೀಟರ್ ನೀರು, ಟೋಪಿ, ತೋಳು ಮುಚ್ಚುವ ತೆಳುವಾದ ಅಂಗಿ, ಬಂಡೆಗಳ ಮೇಲೆ ನಡೆಯಲು ರಬ್ಬರ್ ಅಟ್ಟೆಯ ನೀರಿನ ಬೂಟು, ಕಸವನ್ನು ಹಿಂದಕ್ಕೆ ತರಲು ಗಟ್ಟಿಯಾದ ಚೀಲ, ಇವಿಷ್ಟೂ ಬೇಕು. ಪ್ರವಾಸಿ ದೋಣಿಗಳಲ್ಲಿ ಬಡಿಸುವ ಊಟದಲ್ಲಿ ಮೀನು, ಚಿಪ್ಪುಜೀವಿಗಳು ಇರುವುದು ವಾಡಿಕೆಯಾದ್ದರಿಂದ ಸಸ್ಯಾಹಾರಿಗಳು ಮುಂಗಡವಾಗಿಯೇ ತಿಳಿಸಬೇಕು. ಸ್ವತಃ ಬುತ್ತಿ ಕಟ್ಟಿಕೊಳ್ಳುವವರಿಗೆ ಸಾರ್ಡಿನಿಯಾದ ಕುರುಬರ ಪಾನೆ ಕರಸಾವು ಎಂಬ, ಹಪ್ಪಳದಷ್ಟು ತೆಳುವಾದ ಗರಿಗರಿ ರೊಟ್ಟಿ ಬಹಳ ಅನುಕೂಲ. ಅದು ದಿನಗಟ್ಟಲೆ ಕೆಡುವುದಿಲ್ಲ, ಟೊಮ್ಯಾಟೊದೊಂದಿಗೆ ರುಚಿಯಾಗಿರುತ್ತದೆ. ಜೊತೆಗೆ ಮಾರುವ ಪೆಕೊರಿನೊ ಎಂಬ ಕುರಿಹಾಲಿನ ಚೀಸನ್ನು ಸಾಂಪ್ರದಾಯಿಕವಾಗಿ ಕುರಿಮರಿಯ ಜಠರದಿಂದ ತೆಗೆದ ಹೆಪ್ಪಿನಿಂದ ತಯಾರಿಸುತ್ತಾರೆಂಬುದು ಕಟ್ಟಾ ಸಸ್ಯಾಹಾರಿಗಳಿಗೆ ತಿಳಿದಿರಲಿ.

ಏಕಾಂತ ಬೇಕೆನ್ನುವವರು ತಿಂಗಳನ್ನೂ ಗಂಟೆಯನ್ನೂ ಆರಿಸಿಕೊಳ್ಳಬೇಕು. ಆಗಸ್ಟ್ 15 ಇಟಲಿಯಲ್ಲಿ ಫೆರ‍್ರಗೋಸ್ತೊ ಹಬ್ಬ. ಅದರ ಆಚೀಚಿನ ವಾರಗಳಲ್ಲಿ ದೇಶಕ್ಕೆ ದೇಶವೇ ಸಮುದ್ರದ ದಂಡೆಯಲ್ಲಿರುತ್ತದೆ. ಜೂನ್‌ನ ಮೊದಲ ಭಾಗ ಮತ್ತು ಸೆಪ್ಟೆಂಬರ್ ಉತ್ತಮ. ಎರಡರಲ್ಲಿ ನನಗೆ ಸೆಪ್ಟೆಂಬರ್ ಮೇಲೆನಿಸುತ್ತದೆ, ಏಕೆಂದರೆ ಬೇಸಿಗೆಯಿಡೀ ಬಿಸಿಲು ಕುಡಿದ ನೀರು ಆಗ ಬೆಚ್ಚಗಿರುತ್ತದೆ. ದೊಡ್ಡ ದೋಣಿಗಳು ಬರುವುದಕ್ಕೆ ಮುಂಚೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೊಲ್ಲಿಯನ್ನು ಸೇರಿದರೆ ಒಂದೆರಡು ಗಂಟೆ ಮರಳೆಲ್ಲ ನಿಮ್ಮದೇ.

ತೀರವನ್ನು ಸಮೀಪಿಸುವ ಮತ್ತು ಲಂಗರು ಹಾಕುವ ಕೆಲಸಕ್ಕೆ ಅತ್ಯಂತ ಹೆಚ್ಚು ಎಚ್ಚರ ಬೇಕು. ಜನ ಸಮುದ್ರಸ್ನಾನಕ್ಕೆ ಬರುವ ಋತುವಿನಲ್ಲಿ ಮರಳಿನ ತೀರದಿಂದ ಸಾಮಾನ್ಯವಾಗಿ 200 ಮೀಟರ್‌ವರೆಗಿನ ನೀರು ಈಜುವವರಿಗೆ ಮೀಸಲು. ಮೋಟಾರು ದೋಣಿಗಳು ಅದರ ಹೊರಗೆ ನಿಲ್ಲಬೇಕು, ಅಲ್ಲಿಂದ ಈಜಿಯೋ ಹುಟ್ಟು ಹಾಕಿಯೋ ದಡ ಸೇರಬೇಕು. ಕೆಂಪು ಬಟ್ಟೆಯ ಮೇಲೆ ಓರೆಯಾದ ಬಿಳಿ ಪಟ್ಟಿಯಿರುವ ಬಾವುಟ ಕಂಡರೆ ಕೆಳಗೆ ಮುಳುಗುಗಾರರಿದ್ದಾರೆಂದು ಅರ್ಥ, ಅದರಿಂದ 100 ಮೀಟರ್ ದೂರವಿರಬೇಕು. ಲಂಗರನ್ನು ಮರಳಿನ ಮೇಲೆಯೇ ಇಳಿಸಬೇಕು. ನೀರಿನಡಿಯಲ್ಲಿ ತಿಳಿ ಬಣ್ಣದ ಜಾಗ ಮರಳು. ಕಡುನೀಲಿ ಅಥವಾ ಕಪ್ಪಾಗಿ ಕಾಣುವುದು ಬಂಡೆ ಇಲ್ಲವೇ ಪೊಸಿಡೋನಿಯಾ ಎಂಬ ಕಡಲಹುಲ್ಲು. ನೀರಿನ ಆಳದ ಕನಿಷ್ಠ ಮೂರು ಪಟ್ಟು, ಗಾಳಿಯಿದ್ದರೆ ಐದು ಪಟ್ಟು, ಸರಪಳಿಯನ್ನು ಬಿಟ್ಟು, ಎಂಜಿನ್ನನ್ನು ನಿಧಾನವಾಗಿ ಹಿಮ್ಮುಖವಾಗಿ ನಡೆಸಿ ಲಂಗರು ಕಚ್ಚಿದೆಯೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಮುಖವಾಡ ಹಾಕಿಕೊಂಡು ನೀರಿಗಿಳಿದು ಕಣ್ಣಾರೆ ನೋಡಿ. ಯಾರಾದರೂ ನೀರಿನಲ್ಲಿರುವಾಗ, ಏಣಿ ಹತ್ತುತ್ತಿರುವಾಗ, ಎಂಜಿನ್ ಪೂರ್ತಿ ನಿಂತಿರಲೇಬೇಕು.

ಪೊಸಿಡೋನಿಯಾದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದು ಪಾಚಿಯಲ್ಲ, ಬೇರು, ಎಲೆ, ಹೂವು, ಹಣ್ಣುಗಳಿರುವ ಗಿಡ. ಮೆಡಿಟರೇನಿಯನ್ ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಜಾತಿ ಬೆಳೆಯುವುದಿಲ್ಲ. ಮೀನುಗಳು ಮರಿಮಾಡುವುದು ಅದರ ಹುಲ್ಲುಗಾವಲಿನಲ್ಲಿ, ಮರಳನ್ನು ಹಿಡಿದಿಟ್ಟು ನೀರನ್ನು ತಿಳಿಯಾಗಿ ಇಡುವುದೂ ಅದೇ. ಅದರ ಕಾಂಡ ಅಡ್ಡಲಾಗಿ ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಒಂದು ಲಂಗರು ಎಳೆದು ಮಾಡಿದ ಗಾಯ ಮಾಯಲು ದಶಕಗಳು ಬೇಕು. ದಡದಲ್ಲಿ ರಾಶಿಬಿದ್ದಿರುವ ಕಂದು ಎಲೆಗಳನ್ನು ಕೊಳಕೆಂದು ಭಾವಿಸಬೇಡಿ. ಚಳಿಗಾಲದ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗದಂತೆ ತಡೆಯುವುದು ಆ ರಾಶಿಗಳೇ.

ಬುದೆಲ್ಲಿಯ ಗುಲಾಬಿ ತೀರವನ್ನು ನೋಡಲೆಂದೇ ಹಲವರು ಬರುತ್ತಾರೆ. ಪೊಸಿಡೋನಿಯಾದ ನಡುವೆ ಬಾಳುವ ಮಿನಿಯಾಸಿನಾ ಎಂಬ ಏಕಕೋಶ ಜೀವಿಯ ಕೆಂಪು ಚಿಪ್ಪು ಒಡೆದು, ಪುಡಿಯಾಗಿ, ದಡಕ್ಕೆ ಬಂದು ಮರಳಿನೊಡನೆ ಬೆರೆತಿರುವುದರಿಂದ ಆ ಬಣ್ಣ. ಪ್ರವಾಸಿಗರು ವರ್ಷಾನುಗಟ್ಟಲೆ ಆ ಮರಳನ್ನು ಶೀಸೆಗಳಲ್ಲಿ ತುಂಬಿಕೊಂಡು ಹೋದ ಕಾರಣ 1990ರ ದಶಕದಿಂದ ಅದನ್ನು ಮುಚ್ಚಲಾಗಿದೆ. ಮರಳಿನ ಮೇಲೆ ಕಾಲಿಡುವುದು, ಮುಂದಿನ ನೀರಿನಲ್ಲಿ ಈಜುವುದು, ಲಂಗರು ಹಾಕುವುದು ಎಲ್ಲವೂ ನಿಷಿದ್ಧ. 1989ರಿಂದ 2021ರವರೆಗೆ ಮೌರೊ ಮೊರಾಂದಿ ಎಂಬ ಒಬ್ಬ ಮನುಷ್ಯ ಅಲ್ಲಿ ಒಂಟಿಯಾಗಿ ವಾಸಿಸಿ, ಬಂದವರಿಗೆ ತಿಳಿಹೇಳುತ್ತ ಆ ತೀರವನ್ನು ಕಾದರು. ದೂರದಿಂದ, ದೋಣಿಯಲ್ಲಿ ಕುಳಿತು ನೋಡಿದರೂ ಆ ಬಣ್ಣ ಕಾಣುತ್ತದೆ, ಅಷ್ಟರಲ್ಲಿ ತೃಪ್ತರಾಗಬೇಕು. ಕಪ್ರೇರಾದ ಕಾಲಾ ಕೊತಿಚ್ಚೊ ಎಂಬ ಕೊಲ್ಲಿಗೆ ಉದ್ಯಾನದ ಅಧಿಕೃತ ಮಾರ್ಗದರ್ಶಕರೊಂದಿಗೆ, ಮುಂಗಡವಾಗಿ ಹೆಸರು ನೋಂದಾಯಿಸಿ, ಮಿತಸಂಖ್ಯೆಯಲ್ಲಿ ನಡೆದು ಹೋಗುವ ವ್ಯವಸ್ಥೆಯಿದೆ. ಇನ್ನು ಸಾರ್ಡಿನಿಯಾದ ಯಾವ ತೀರದಿಂದಲೂ ಮರಳು, ಬೆಣಚುಕಲ್ಲು, ಚಿಪ್ಪುಗಳನ್ನು ಒಯ್ದರೆ 500ರಿಂದ 3000 ಯೂರೊವರೆಗೆ ದಂಡವಿದೆ. ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ಮಕ್ಕಳ ಜೇಬುಗಳನ್ನೂ ದೋಣಿ ಹತ್ತುವ ಮೊದಲು ಬರಿದು ಮಾಡಿಸಿ, ಟವೆಲ್‌ಗಳನ್ನು ತೀರದಲ್ಲಿಯೇ ಕೊಡವಿ.

ನೀರಿನಲ್ಲಿ ನೇರಳೆ ಬಣ್ಣದ ಚಿಕ್ಕ ಲೋಳೆಮೀನುಗಳು ಕೆಲವು ದಿನ ಗುಂಪಾಗಿ ಬರುತ್ತವೆ. ಅವು ಸೋಕಿದರೆ ಆ ಜಾಗವನ್ನು ಉಜ್ಜದೆ, ಸಿಹಿನೀರು ಸುರಿಯದೆ, ಸಮುದ್ರದ ನೀರಿನಿಂದಲೇ ತೊಳೆಯಬೇಕು. ಮರಳಿನಲ್ಲಿ ಹುದುಗಿರುವ ಮುಳ್ಳುಮೀನು ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಳ್ಳುವುದರಿಂದ ನೋವು ಶಮನವಾಗುತ್ತದೆ.

ಹಿಂತಿರುಗುವ ಹೊತ್ತನ್ನು ಮಧ್ಯಾಹ್ನದ ಗಾಳಿಗೆ ಬಿಡದೆ ನೀವೇ ನಿಗದಿ ಮಾಡಿಕೊಳ್ಳಿ. ಮಯೆಸ್ತ್ರಾಲೆ ಬೀಸುತ್ತಿರುವಾಗ ಬುದೆಲ್ಲಿಯ ಕಡೆಯಿಂದ ಬರುವವರು ಸ್ಪಾರ್ಜಿಯ ಪೂರ್ವದ ಮರೆಯನ್ನು ಹಿಡಿದು ಬಂದರೆ ಅಲೆ ಕಡಿಮೆ. ದಾರಿ ಸ್ವಲ್ಪ ಬಳಸಾದರೂ ಚಿಂತೆಯಿಲ್ಲ. ಲಾ ಮದ್ದಲೇನಾ ಮತ್ತು ಪಾಲಾವ್ ನಡುವಿನ ಕಾಲುವೆಯಲ್ಲಿ ಫೆರಿಗಳು ಸತತವಾಗಿ ಓಡಾಡುತ್ತಿರುತ್ತವೆ. ಅವುಗಳಿಗೆ ದಾರಿ ಬಿಟ್ಟು, ಅವು ಎಬ್ಬಿಸುವ ಅಲೆಯನ್ನು ದೋಣಿಯ ಮೂತಿಯಿಂದ ಓರೆಯಾಗಿ ಎದುರಿಸಿ ದಾಟಬೇಕು. ಬಂದರನ್ನು ಸೇರಿದ ಮೇಲೆ ಟ್ಯಾಂಕನ್ನು ತುಂಬಿಸಿ, ರಸೀದಿಯನ್ನು ಇಟ್ಟುಕೊಂಡು, ಬೆಳಿಗ್ಗೆ ಹೊರಡುವ ಮೊದಲು ತೆಗೆದಿಟ್ಟುಕೊಂಡ ದೋಣಿಯ ಫೋಟೊಗಳೊಂದಿಗೆ ಹೋಲಿಸಿ ದೋಣಿಯ ಅಂಚು ಮತ್ತು ಪ್ರೊಪೆಲರನ್ನು ಮಾಲೀಕರೊಂದಿಗೆ ಒಟ್ಟಾಗಿ ಪರೀಕ್ಷಿಸಿ, ಠೇವಣಿಯನ್ನು ಹಿಂದಕ್ಕೆ ಪಡೆದುಕೊಳ್ಳಿ.