ನಾಯಿ ಏನಾದರೂ ನುಂಗಿದರೆ ಮೊದಲು ನೆಲ ನೋಡಿ

ಶ್ರೀನಿವಾಸಪುರದ ಕಡೆಯಿಂದ ಮಾವು ಬರತೊಡಗಿತೆಂದರೆ ನನಗೆ ಹಣ್ಣಿಗಿಂತ ವಾಟೆಯದೇ ಚಿಂತೆ. ತಿಂದವರು ವಾಟೆಯನ್ನು ಜಗಲಿಯ ಮೇಲೆ ಬಿಟ್ಟು ಕೈ ತೊಳೆಯಲು ಹೋಗುತ್ತಾರೆ. ರುಚಿ ಹತ್ತಿದ ನಾಯಿ ಚೀಪುತ್ತಾ ಚೀಪುತ್ತಾ ಇಡಿಯಾಗಿ ನುಂಗಿಬಿಡುತ್ತದೆ. ಹೋದ ಬೇಸಿಗೆಯಲ್ಲಿ ಹೀಗಾದಾಗ ಮೊಮ್ಮಗ ಫೋನಿನಲ್ಲಿ ಏನನ್ನೋ ಓದಿ, ವಾಂತಿ ಮಾಡಿಸಲೆಂದು ಉಪ್ಪುನೀರು ಕಲಸಿ ತಂದ. ಲೋಟವನ್ನು ಕಸಿದು ಬಚ್ಚಲಿಗೆ ಸುರಿದೆ. ಉಪ್ಪು ಹೆಚ್ಚಾದರೆ ನಾಯಿಯ ರಕ್ತದಲ್ಲಿ ಸೋಡಿಯಂ ಏರಿ, ನಡುಕ ಹತ್ತಿ, ಪ್ರಾಣಕ್ಕೇ ಕುತ್ತು ಬರುತ್ತದೆ. ಹರಳೆಣ್ಣೆಯನ್ನೂ ಕುಡಿಸಬೇಡಿ. ಸೂಜಿ, ಗಾಜು, ಮೂಳೆಯಂಥವು ವಾಂತಿಯಲ್ಲಿ ಮೇಲೆ ಬರುವಾಗ ಅನ್ನನಾಳವನ್ನೇ ಗೀರುತ್ತವೆ. ವಾಟೆ ಅಲ್ಲೇ ಸಿಕ್ಕಿಕೊಳ್ಳಬಹುದು. ವಾಂತಿ ಮಾಡಿಸಬೇಕೋ ಬೇಡವೋ ಎಂಬುದನ್ನು ಪಶುವೈದ್ಯರು ಹೇಳಬೇಕು. ಅವರು ಮಾಡಿಸುವುದಾದರೂ ನುಂಗಿದ ಸುಮಾರು 2 ಗಂಟೆಯೊಳಗೆ ಮಾಡಿಸಿದರೆ ಫಲ ಹೆಚ್ಚು. ಉಸಿರೇ ಕಟ್ಟಿ ನಾಲಿಗೆ ನೀಲಿಗಟ್ಟುತ್ತಿದ್ದರೆ ಮಾತ್ರ ಬಾಯಿ ಅಗಲಿಸಿ, ಕಣ್ಣಿಗೆ ಕಾಣುವ ವಸ್ತುವನ್ನು ತೆಗೆಯಿರಿ. ಕಾಣದ್ದನ್ನು ಬೆರಳಿನಿಂದ ಕೆದಕಿದರೆ ಇನ್ನೂ ಒಳಗೆ ಹೋಗುತ್ತದೆ.

ಒಬ್ಬರು ವೈದ್ಯರಿಗೆ ಫೋನು ಮಾಡುತ್ತಿರುವಾಗ ಇನ್ನೊಬ್ಬರು ಮಾಡಬೇಕಾದ ಕೆಲಸವೊಂದಿದೆ, ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹಳೆಯ ವೃತ್ತಪತ್ರಿಕೆಯನ್ನು ನೆಲಕ್ಕೆ ಹಾಸಿ, ನಾಯಿ ಹರಿದುಹಾಕಿದ ಚೂರುಗಳನ್ನೆಲ್ಲ, ಮಂಚದ ಕೆಳಗಿನವನ್ನೂ ಬಿಡದೆ, ಆರಿಸಿ ತನ್ನಿ. ಜೊಲ್ಲಿಗೆ ಮುದುರಿದ್ದನ್ನು ಹೆಬ್ಬೆರಳಿನಿಂದ ನೀವಿ, ಅಂಚಿಗೆ ಅಂಚು ಕೂಡಿಸುತ್ತಾ ಹೋಗಿ. ಜೋಡಿಯ ಇನ್ನೊಂದು ವಸ್ತು ಇದ್ದರೆ ಪಕ್ಕದಲ್ಲೇ ಇಡಿ. ಕೂಡದೆ ಖಾಲಿ ಉಳಿದ ಜಾಗವೇ ಹೊಟ್ಟೆಯಲ್ಲಿರುವುದು. ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕಾಗದವನ್ನು ಚೂರುಗಳ ಸಮೇತ ಮಡಿಸಿಕೊಂಡು ಆಸ್ಪತ್ರೆಗೆ ಹೊರಡಿ.

ನಮ್ಮ ನಾಯಿ ಕರಿಯ, ಯಜಮಾನರ ಕಾಲುಚೀಲವನ್ನು ಹರಿದಾಗ ಹೀಗೆಯೇ ಜೋಡಿಸಿದ್ದೆ. ಹಿಮ್ಮಡಿಯ ಭಾಗ ಅಂಗೈಯಷ್ಟು ಕಾಣೆಯಾಗಿತ್ತು. ಲೋಹ, ಮೂಳೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಹಾಗೆ ಬಟ್ಟೆ ಕಾಣುವುದಿಲ್ಲ. ಫಿಲಂ ನೋಡಿ ಅನುಮಾನಿಸುತ್ತಿದ್ದ ವೈದ್ಯರು ನನ್ನ ಕಾಗದವನ್ನು ನೋಡಿದ ಮೇಲೆ ಹೊಟ್ಟೆ ಕೊಯ್ದು ಆ ತುಂಡನ್ನೇ ತೆಗೆದರು. (ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ, ಜೋಡಿಯಾಗಿ, ಎತ್ತರದ ತಂತಿಗೆ ಒಣಹಾಕಬೇಕೆಂದು ಸೊಸೆಗೆ ಇನ್ನೂ ಹೇಳುತ್ತಲೇ ಇದ್ದೇನೆ.)

ಹೂ ಕಟ್ಟುವ ದಾರ ನುಂಗಿ ಅದರ ತುದಿ ಬಾಯಿಂದಲೋ ಹಿಂದಿನಿಂದಲೋ ಇಳಿಬಿದ್ದಿದ್ದರೆ ಎಳೆಯಬೇಡಿ. ಲಂಗದ ಲಾಡಿ ಎಳೆದಂತೆ ಕರುಳು ನೆರಿಗೆಗಟ್ಟಿ, ದಾರವೇ ಅದನ್ನು ಕೊಯ್ಯುತ್ತದೆ. ಕೈಗಡಿಯಾರದ್ದೋ ರಿಮೋಟಿನದ್ದೋ ಗುಂಡಿ ಬ್ಯಾಟರಿಯಾದರೆ ಚೂರು ಜೋಡಿಸುತ್ತಲೂ ಕೂರಬೇಡಿ. ಅದು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಸಣ್ಣ ವಸ್ತು, ತಾನಾಗಿಯೇ ಹೋಗುತ್ತದೆ ಎಂದು ವೈದ್ಯರು ಹೇಳಿದರೆ ಪ್ರತಿದಿನ ಕಡ್ಡಿಯಿಂದ ಮಲವನ್ನು ಕೆದಕಿ ನೋಡಬೇಕು, ಅಸಹ್ಯವೆಂದು ಮೂಗು ಮುರಿದರೆ ನಡೆಯದು. ವಾಟೆಯಂಥದ್ದು ದಿನಗಟ್ಟಲೆ ಹೊಟ್ಟೆಯಲ್ಲಿ ಸುಮ್ಮನಿದ್ದು, ಆಮೇಲೆ ಕರುಳಿಗೆ ಜಾರಿ ಅಡ್ಡಗಟ್ಟುವುದುಂಟು. ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟರೆ, ತಿಣುಕುತ್ತಿದ್ದರೂ ಮಲ ಹೋಗದಿದ್ದರೆ, ಎದೆಯನ್ನು ನೆಲಕ್ಕೆ ಊರಿ ಹಿಂಭಾಗವನ್ನೆತ್ತಿ ನಿಂತರೆ, ಅರ್ಧರಾತ್ರಿಯಾದರೂ ಸರಿ, ಆಟೊ ಹಿಡಿದು ಕೋಲಾರಕ್ಕೆ ಹೊರಡಿ. ಆ ಕಾಗದದ ಮಡಿಕೆಯನ್ನು ಮರೆಯಬೇಡಿ.