ಕ್ಲಾಸಿನದು ಯಾವುದು, ಆಬ್ಜೆಕ್ಟಿನದು ಯಾವುದು: ಪೈಥಾನ್‌ನಲ್ಲಿ ನನ್ನ ಅನುಭವ

ಒಂದು ಚಿಕ್ಕ ಲೈಬ್ರರಿಯ ಪೈಥಾನ್ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸ ನನಗೆ ಬಂತು. ಒಬ್ಬರಿಗೆ ಪುಸ್ತಕ ಕೊಟ್ಟರೆ ಅದು ಎಲ್ಲ ಸದಸ್ಯರ ಹೆಸರಲ್ಲೂ ಕಾಣಿಸುತ್ತಿತ್ತು.

ಕೋಡ್ ತೆರೆದು ನೋಡಿದೆ. ಸದಸ್ಯ ಅನ್ನುವ ಕ್ಲಾಸಿನ (ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಆಬ್ಜೆಕ್ಟ್ ತಯಾರಾಗುವ ಅಚ್ಚು) ಶುರುವಿನಲ್ಲೇ, ಯಾವ ಮೆಥಡ್‌ಗೂ (ಕ್ಲಾಸಿನೊಳಗಿನ ಫಂಕ್ಷನ್) ಸೇರದ ಹಾಗೆ, ಎರಡು ಸಾಲು: ದಂಡ = 2, ಪುಸ್ತಕಗಳು = [] (ಅಂದರೆ ಖಾಲಿ ಲಿಸ್ಟ್). ದಂಡ ಅಲ್ಲಿರುವುದು ಸರಿ, ದಿನಕ್ಕೆ ಎರಡು ರೂಪಾಯಿ ಎಲ್ಲರಿಗೂ ಒಂದೇ. ಪುಸ್ತಕಗಳ ಪಟ್ಟಿ ಹಾಗಲ್ಲ, ಅದು ಒಬ್ಬೊಬ್ಬರದು ಬೇರೆ ಬೇರೆ ಅಲ್ವಾ? ಆದರೆ ಅಲ್ಲಿ ಬರೆದ ಲಿಸ್ಟ್ ಕ್ಲಾಸ್ ತಯಾರಾಗುವಾಗ ಒಂದೇ ಸಲ ಹುಟ್ಟುತ್ತದೆ, ಆಮೇಲೆ ಎಷ್ಟು ಸದಸ್ಯರನ್ನು ಸೇರಿಸಿದರೂ ಎಲ್ಲರ ಅಪೆಂಡ್ (ಲಿಸ್ಟಿಗೆ ಒಂದನ್ನು ಸೇರಿಸುವುದು) ಹೋಗಿ ಬೀಳುವುದು ಅದೇ ಲಿಸ್ಟಿಗೆ. ಆ ಸಾಲನ್ನು ಅಲ್ಲಿಂದ ತೆಗೆದು, ಪ್ರತಿ ಹೊಸ ಆಬ್ಜೆಕ್ಟ್ ತಯಾರಾಗುವಾಗ ಓಡುವ __ಇನಿಟ್__ ಮೆಥಡ್ ಒಳಗೆ ಸೆಲ್ಫ್.ಪುಸ್ತಕಗಳು = [] ಅಂತ ಬರೆದೆ; ಸೆಲ್ಫ್ ಅಂದರೆ ಆ ಆಬ್ಜೆಕ್ಟೇ. ಸರಿಹೋಯಿತು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಇದರ ಹಿಂದಿನ ನಿಯಮ. ಪೈಥಾನ್‌ನಲ್ಲಿ ಓದುವ ದಾರಿ ಬೇರೆ, ಬರೆಯುವ ದಾರಿ ಬೇರೆ. ಓದುವಾಗ ಮೊದಲು ಆಬ್ಜೆಕ್ಟಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಕ್ಲಾಸಿನಲ್ಲಿ, ಅಲ್ಲೂ ಇಲ್ಲದಿದ್ದರೆ ಅದರ ಪೇರೆಂಟ್ ಕ್ಲಾಸುಗಳಲ್ಲಿ (ಅದು ಯಾವುದರಿಂದ ಬಂದಿದೆಯೋ ಆ ಕ್ಲಾಸುಗಳು). ಬರೆಯುವಾಗ ಸಾಮಾನ್ಯವಾಗಿ ಈ ಹುಡುಕಾಟ ಇಲ್ಲ, ನೇರ ಆಬ್ಜೆಕ್ಟಿಗೇ. ಅಪೆಂಡ್ ಈ ಲೆಕ್ಕದಲ್ಲಿ ಬರೆಯುವುದಲ್ಲ: ಲಿಸ್ಟನ್ನು ಓದಿ ಹುಡುಕಿ, ಸಿಕ್ಕಿದ್ದನ್ನು ಅಲ್ಲೇ ಬದಲಿಸುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ರಮ್ಯ ಅನ್ನುವ ಸದಸ್ಯೆಯ ಆಬ್ಜೆಕ್ಟನ್ನು ವಾರ್ಸ್ ಫಂಕ್ಷನ್‌ಗೆ (ಆಬ್ಜೆಕ್ಟಿನಲ್ಲೇ ಇರುವುದನ್ನು ತೋರಿಸುತ್ತದೆ) ಕೊಟ್ಟು ಪ್ರಿಂಟ್ ಮಾಡಿ. ಹೆಸರು, ಪುಸ್ತಕಗಳು ಇರುತ್ತವೆ, ದಂಡ ಇರುವುದಿಲ್ಲ. ರಮ್ಯ.ದಂಡ = 0 ಅಂತ ಬರೆದು ಮತ್ತೆ ಪ್ರಿಂಟ್ ಮಾಡಿ, ಈಗ ಅಲ್ಲಿ ದಂಡ ಬಂದು ಕೂತಿರುತ್ತದೆ, ಉಳಿದವರಿಗೆ ಮಾತ್ರ ಹಳೇ 2 ಹಾಗೇ ಇರುತ್ತದೆ. ಡೆಲ್ ರಮ್ಯ.ದಂಡ ಅಂತ ಅದನ್ನು ಅಳಿಸಿದರೆ ರಮ್ಯಳಿಗೂ ಮತ್ತೆ 2. ಈ ಪ್ರಯೋಗ ಸುಮ್ನೆ ಓದಿ ಬಿಡಬೇಡಿ, ಮಾಡಿ ನೋಡಿ.

ಒಟ್ಟು ಸದಸ್ಯರ ಎಣಿಕೆಯಲ್ಲೂ ಇದೇ ನಿಯಮ. ಕ್ಲಾಸಿನಲ್ಲಿ ಎಣಿಕೆ = 0 ಅಂತ ಇಟ್ಟು, __ಇನಿಟ್__ ಒಳಗೆ ಸೆಲ್ಫ್.ಎಣಿಕೆ += 1 ಅಂದರೆ ಕ್ಲಾಸಿನ 0 ಓದಿ, ಒಂದು ಕೂಡಿಸಿ, ಆಬ್ಜೆಕ್ಟಿನಲ್ಲಿ 1 ಬರೆಯುತ್ತದೆ. ಕ್ಲಾಸಿನ ಎಣಿಕೆ 0 ಆಗಿಯೇ ಉಳಿಯುತ್ತದೆ. ಅದಕ್ಕೇ ನಾನು ಯಾವಾಗಲೂ ಕ್ಲಾಸಿನ ಹೆಸರು ಹೇಳಿಯೇ ಬರೆಯುತ್ತೇನೆ: ಸದಸ್ಯ.ಎಣಿಕೆ += 1.

ಹೊಸ ಕೋಡಿಗೆ ಈಗ ಡೇಟಾಕ್ಲಾಸ್ ಜಾಸ್ತಿ ಬಳಸುತ್ತೇನೆ, ಫೀಲ್ಡುಗಳನ್ನು (ಆಬ್ಜೆಕ್ಟಿನ ಒಂದೊಂದು ಮಾಹಿತಿ) ಪಟ್ಟಿ ಮಾಡಿದರೆ __ಇನಿಟ್__ ಅನ್ನು ಅದೇ ಬರೆದುಕೊಡುತ್ತದೆ. ಇದು ಪೈಥಾನ್ 3.7ರಿಂದ ಇದೆ. ಫೀಲ್ಡಿಗೆ ಲಿಸ್ಟ್ ಅಂತ ಟೈಪ್ ಕೊಟ್ಟು = [] ಹಾಕಿದರೆ ಪ್ರೋಗ್ರಾಂ ಮುಂದಕ್ಕೇ ಹೋಗುವುದಿಲ್ಲ, ವ್ಯಾಲ್ಯೂ ಎರರ್ ಕೊಟ್ಟು ಡಿಫಾಲ್ಟ್ ಫ್ಯಾಕ್ಟರಿ (ಪ್ರತಿ ಆಬ್ಜೆಕ್ಟಿಗೂ ಹೊಸ ಲಿಸ್ಟ್ ಮಾಡಿಕೊಡುವುದು) ಬಳಸಿ ಅನ್ನುತ್ತದೆ. ಟೈಪ್ ಬರೆಯದಿದ್ದರೆ ಈ ಕಾವಲು ಇಲ್ಲ, ಅದು ಮಾಮೂಲಿ ಕ್ಲಾಸ್ ವೇರಿಯಬಲ್ ಆಗಿಬಿಡುತ್ತದೆ. ದಂಡದಂಥ ಎಲ್ಲರಿಗೂ ಸೇರಿದ ಸಾಲಿಗೆ ಕ್ಲಾಸ್‌ವಾರ್ ಅಂತ ಟೈಪ್ ಹಾಕುತ್ತೇನೆ, ಮುಂದೆ ಆ ಕೋಡ್ ಓದುವವರು ಊಹಿಸುತ್ತಾ ಕೂರಬೇಕಾಗಿಲ್ಲ.