ತೇಗದ ಜಾಯಿಂಟ್ ಬಿಡದಂತೆ ಅಂಟಿಸಿದ್ದು

ದೋಣಿಯ ಡೆಕ್ ಮೇಲಿನ ಮುಚ್ಚಳಕ್ಕೆ ತೇಗದ ಚೌಕಟ್ಟಿದೆ. ಅದರ ಮೂಲೆಗಳು ಪದೇಪದೇ ಬಾಯಿ ಬಿಡುತ್ತಿದ್ದವು. ಬಿಚ್ಚಿ ನೋಡಿದಾಗ ಹಳೆಯ ಅಂಟು ಹಾಳೆಯಂತೆ ಎದ್ದು ಬಂತು. ಮರದ ಒಂದು ಎಳೆಯೂ ಅದಕ್ಕೆ ಹತ್ತಿರಲಿಲ್ಲ. ಅಂದರೆ ಅಂಟು ಕೆಟ್ಟಿರಲಿಲ್ಲ, ಮರವನ್ನು ಹಿಡಿದೇ ಇರಲಿಲ್ಲ.

ಕಾರಣ ತೇಗದೊಳಗಿನ ಎಣ್ಣೆ. ಈ ಮರ ನೀರಿಗೆ ತಡೆಯುವುದಕ್ಕೆ ಅದೂ ಒಂದು ಕಾರಣ, ಆದರೆ ಅಂಟಿಗೆ ಅದೇ ಶತ್ರು. ಹಳೆಯ ಅಂಟು ಕೆರೆದು, 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹೊಸ ಮರ ಕಾಣುವಂತೆ ಮಾಡಿದೆ. ಬಿಳಿ ಬಟ್ಟೆಗೆ ಎಣ್ಣೆ ಕರಗಿಸುವ ಅಸಿಟೋನ್ ದ್ರವ ಹಾಕಿ, ಬಟ್ಟೆಗೆ ಬಣ್ಣ ಹತ್ತುವುದು ಕಡಿಮೆಯಾಗುವವರೆಗೆ ಒರೆಸಿದೆ. (ಗಾಳಿ ಆಡುವ ಜಾಗ ಬೇಕು, ಬೆಂಕಿ ಹತ್ತಿರ ಬೇಡವೇ ಬೇಡ.) ಅಸಿಟೋನ್ ಆರಿದ ಕೂಡಲೇ ಇಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ಹಚ್ಚಬೇಕು. ತಡವಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಮೊದಲು ತೆಳು ಇಪಾಕ್ಸಿ ಸವರಿದೆ, ಆಮೇಲೆ ಸಿಲಿಕಾ (ಮರಳಿನಲ್ಲಿರುವ ಗಟ್ಟಿ ಖನಿಜ) ಪುಡಿ ಬೆರೆಸಿ ಮಂದ ಮಾಡಿದ್ದನ್ನು ಹಚ್ಚಿದೆ. ಕ್ಲ್ಯಾಂಪನ್ನು ಸುಮ್ನೆ ಜೋರಾಗಿ ಬಿಗಿಯಬಾರದು. ಇಪಾಕ್ಸಿಯೆಲ್ಲ ಹಿಂಡಿ ಹೊರಬಂದರೆ ಹಿಡಿಯಲು ಏನು ಉಳಿಯುತ್ತದೆ, ಅಲ್ವಾ? ಆಮೇಲೆ ಆ ಮೂಲೆಗಳು ಅಲುಗಿಲ್ಲ.

ತೇಗದಲ್ಲೇ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಗರಗಸಕ್ಕೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಹಲ್ಲು ಇದ್ದರೆ ವಾಸಿ.

ಎಣ್ಣೆಯ ತಂಟೆ ಬೇಡ ಎನ್ನುವವರು ಓಕ್ ಬಳಸಬಹುದು, ಆದರೆ ಬಿಳಿ ಓಕ್ ಮಾತ್ರ. ಕೆಂಪು ಓಕ್‌ನ ರಂಧ್ರಗಳು ತೆರೆದಿರುವುದರಿಂದ ನೀರು ಒಳಗೆ ಹರಿಯುತ್ತದೆ. ಓಕ್‌ಗೆ ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಲ್ಲಿ ಮರದೊಳಗಿನ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣಕ್ಕೆ ಸೇರಿ ಕಪ್ಪು ಕಲೆ ಬೀಳುತ್ತದೆ. ಅದಕ್ಕೆ ಸಿಲಿಕಾನ್ ಬ್ರಾಂಜ್ (ತಾಮ್ರದ ಒಂದು ಮಿಶ್ರಲೋಹ) ಸ್ಕ್ರೂ ಒಳ್ಳೆಯದು.